ಗ್ರಂಥಾಲಯದ ಯಂತ್ರಪಾಲಕರೂ ಸಮ್ಮೇಳನಗಳೂ

ಶ್ರಾವಣ ಕಾಲಿಡುವ ಹೊತ್ತಿಗೆ, ಎಂದರೆ ಆಗಸ್ಟ್ 12ರ ಗ್ರಂಥಪಾಲಕರ ದಿನಾಚರಣೆ ಸಮೀಪಿಸುತ್ತಿದ್ದಂತೆ, ಜಯನಗರ ಬನಶಂಕರಿಗಳ ಕಾಲೇಜು ಗ್ರಂಥಾಲಯಗಳಿಗೆ ವಿಚಾರಸಂಕಿರಣಗಳ ಆಹ್ವಾನಗಳು ಬರತೊಡಗುತ್ತವೆ. ಹಿಂದೆ ಅವು ಹೊಳಪು ಕಾಗದದ ಮಡಿಕೆಪತ್ರಗಳಾಗಿ ಅಂಚೆಯಲ್ಲಿ ಬಂದು, ಪ್ರಾಂಶುಪಾಲರ ಮೇಜಿನ ಮೇಲೆ ಮೂರು ದಿನ ವಿಶ್ರಮಿಸಿ, ಮೂಲೆಯಲ್ಲಿ ಹಸಿರು ಮಸಿಯಿಂದ 'ಲೈಬ್ರರಿಯನ್' ಎಂದು ಬರೆಸಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದವು. ಈಗ ವಾಟ್ಸಾಪ್ ಗುಂಪುಗಳಲ್ಲಿ ಪಿಡಿಎಫ್ ರೂಪವನ್ನು ತಾಳಿ, ಒಂದೇ ಆಹ್ವಾನ ನಾಲ್ಕು ಗುಂಪುಗಳಿಂದ ನಾಲ್ಕು ಸಲ ಬರುತ್ತದೆ. ಮೂವತ್ತು ವರ್ಷಕ್ಕೆ ಸ್ವಲ್ಪವೇ ಕಡಿಮೆಯಾದಷ್ಟು ಕಾಲ ದಕ್ಷಿಣ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪುಸ್ತಕಗಳನ್ನೂ, ಅದರಲ್ಲಿ ಕಡೆಯ ಹದಿನೈದು ವರ್ಷ ಪುಸ್ತಕಗಳ ಜೊತೆಗೆ ಗಣಕಯಂತ್ರಗಳನ್ನೂ ಕಾಯ್ದುಕೊಂಡಿದ್ದ ನನಗೆ, ಈ ಆಹ್ವಾನಗಳನ್ನು ಕಂಡಾಗಲೆಲ್ಲ ಮನಸ್ಸಿನಲ್ಲಿ ಏಳುತ್ತಿದ್ದ ಪ್ರಶ್ನೆ ಒಂದೇ: ಇದು ಯಾರಿಗಾಗಿ ಬಂದಿದೆ? ಲಕೋಟೆಯ ಮೇಲಿರುವ ಹೆಸರಿನವರಿಗೋ, ಒಳಗಿನ ವಿಷಯವನ್ನು ದಿನವೂ ಕೈಯಲ್ಲಿ ಹಿಡಿದು ಹೆಣಗುವವರಿಗೋ?

ಒಳಗಿನ ವಿಷಯ ಸಾಮಾನ್ಯವಾಗಿ ತಂತ್ರಜ್ಞಾನವೇ ಆಗಿರುತ್ತದೆ. ಅಂಕೀಯ ಗ್ರಂಥಾಲಯ, ಮುಕ್ತ ತಂತ್ರಾಂಶ, ಸಾಂಸ್ಥಿಕ ಭಂಡಾರ, ಇತ್ತೀಚೆಗೆ ಕೃತಕ ಬುದ್ಧಿಮತ್ತೆ. ಆದರೆ ಈ ತಂತ್ರಜ್ಞಾನವನ್ನು ನಿತ್ಯ ನಡೆಸತಕ್ಕ ವ್ಯಕ್ತಿಗೆ ನಮ್ಮ ಕಾಲೇಜುಗಳ ಹುದ್ದೆಗಳ ಪಟ್ಟಿಯಲ್ಲಿ ಒಂದು ಹೆಸರೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ಸರ್ವರನ್ನು ಎಬ್ಬಿಸುವಾಕೆ, ಹೊಸ ಪುಸ್ತಕಗಳಿಗೆ ಬಾರ್‌ಕೋಡ್ ಚೀಟಿ ಅಂಟಿಸುವಾಕೆ, ವಿದ್ಯುತ್ತು ಹೋಗಿ ಬಂದ ಮೇಲೆ ಗ್ರಂಥಾಲಯದ ಕೋಹಾ ತಂತ್ರಾಂಶ ಏಕೆ ತೆರೆಯುತ್ತಿಲ್ಲವೆಂದು ಕಪ್ಪು ಪರದೆಯೆದುರು ಕುಳಿತು ಅಕ್ಷರ ಅಕ್ಷರವಾಗಿ ಓದುವಾಕೆ, ಸಂಜೆ ಬ್ಯಾಕಪ್ಪನ್ನು ಪೆನ್‌ಡ್ರೈವಿಗೆ ಇಳಿಸಿ ವ್ಯಾನಿಟಿ ಬ್ಯಾಗಿನೊಳಗೆ ಹಾಕಿಕೊಂಡು ಜೆ.ಪಿ. ನಗರದ ಬಸ್ಸನ್ನು ಹಿಡಿಯುವಾಕೆ: ಈಕೆ ದಾಖಲೆಗಳಲ್ಲಿ 'ಗ್ರಂಥಾಲಯ ಸಹಾಯಕಿ', ಎಷ್ಟೋ ಕಡೆ ಅದೂ ಅಲ್ಲ, ಹನ್ನೊಂದು ತಿಂಗಳ ಗುತ್ತಿಗೆಯ ಕೆಲಸದವಳು. ಗ್ರಂಥಗಳನ್ನು ಪಾಲಿಸುವವನು ಗ್ರಂಥಪಾಲಕನಾದರೆ ಇವರನ್ನು ಯಂತ್ರಪಾಲಕರೆಂದು ಕರೆಯಲು ಅಡ್ಡಿಯೇನೂ ಇರಲಾರದು. ಇಂಥವರು ತಮ್ಮ ವೃತ್ತಿಯ ಬಂಧುಗಳೊಡನೆ ಕಲೆತು ಮಾತನಾಡುವ ಅವಕಾಶಗಳು ನಮ್ಮಲ್ಲಿ ಎಷ್ಟಿವೆ, ಹೇಗಿವೆ, ಅವು ತಲಪಬೇಕಾದವರನ್ನು ತಲಪುತ್ತಿವೆಯೇ ಎಂಬುದನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಕೂಡಿ ಮಾತನಾಡುವ ಸಂಪ್ರದಾಯ ಗ್ರಂಥಾಲಯದವರಿಗೆ ಹೊಸದಲ್ಲ, ಕನ್ನಡ ನಾಡಿಗಂತೂ ಹೊಸದೇ ಅಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆದಾಗ, ಅದರ ಮಗ್ಗುಲಲ್ಲಿಯೇ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ನಡೆಯಿತು. ಅದರ ಅಧ್ಯಕ್ಷಪೀಠದಲ್ಲಿದ್ದವರು ದೇಶಬಂಧು ಚಿತ್ತರಂಜನ ದಾಸರು. ಸ್ವರಾಜ್ಯದ ಮಾತೂ ವಾಚನಾಲಯದ ಮಾತೂ ಒಂದೇ ಊರಿನಲ್ಲಿ ಒಂದೇ ವಾರದಲ್ಲಿ ನಡೆದ ಕಾಲ ಅದು. ಅಂದಿನ ಸಮ್ಮೇಳನಗಳಲ್ಲಿ ಭಾಷಣವೂ ಉತ್ಸಾಹವೂ ಪ್ರಧಾನವಾಗಿದ್ದುದು ಸಹಜ. ಗ್ರಂಥಾಲಯದ ಕಾರ್ಯವನ್ನು ಒಂದು ಶಾಸ್ತ್ರವೆಂದು ಬಗೆದು, ಶಾಸ್ತ್ರಕ್ಕೆ ತಕ್ಕ ಚರ್ಚಾಕ್ರಮವನ್ನು ಅದಕ್ಕೆ ಒದಗಿಸಿಕೊಟ್ಟವರು ಶಿಯಾಳಿ ರಾಮಾಮೃತ ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಈ ಮಹನೀಯರು ತಮ್ಮ ಜೀವಿತದ ಕಡೆಯ ಹದಿನೈದು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರ ಸೆಪ್ಟೆಂಬರ್ 27ರಂದು ಇಲ್ಲಿಯೇ ದೇಹವಿಟ್ಟರು. 1961ರಲ್ಲಿ ಪತ್ನಿಯ ಹೆಸರಿನಲ್ಲಿ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿದರು. ಮರುವರ್ಷ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ವೃತ್ತಿಯವರ ಬಾಯಲ್ಲಿ ಅದು 'ಡಿಆರ್‌ಟಿಸಿ'. ಮೈಸೂರು ರಸ್ತೆಯ ಎಂಟನೆಯ ಮೈಲಿಯಲ್ಲಿ ಮರಗಳ ನಡುವೆ ಈಗಲೂ ಇದೆ. ಬನಶಂಕರಿಯಿಂದ ವರ್ತುಲ ರಸ್ತೆಯ ಬಸ್ಸನ್ನು ಹಿಡಿದು ನಾಯಂಡಹಳ್ಳಿಯಲ್ಲಿಳಿದರೆ ಅಲ್ಲಿಂದ ಮುಂದೆ ಬಹು ದೂರವೇನೂ ಇಲ್ಲ.

ಈ ಕೇಂದ್ರದಲ್ಲಿ ಅರವತ್ತರ ದಶಕದಿಂದ ನಡೆದುಬಂದ ವಾರ್ಷಿಕ ಸಂಕಿರಣಗಳ ಹಳೆಯ ಸಂಪುಟಗಳನ್ನು ತೆಗೆದು ನೋಡಿದವರಿಗೆ ಒಂದು ಸಂಗತಿ ಮೊದಲ ನೋಟಕ್ಕೇ ಎದ್ದು ಕಾಣುತ್ತದೆ. ಲೇಖನಗಳು ಅಧ್ಯಾಯವಾಗಿ, ಅಧ್ಯಾಯ ಖಂಡವಾಗಿ, ಖಂಡ ವಾಕ್ಯಸಂಖ್ಯೆಯಾಗಿ ಒಡೆದು ಬರೆಯಲ್ಪಟ್ಟಿರುತ್ತವೆ; ಯಾವ ವಾಕ್ಯದ ಮೇಲೆ ಆಕ್ಷೇಪವೋ ಆ ಸಂಖ್ಯೆಯನ್ನು ಹೇಳಿ ಆಕ್ಷೇಪಿಸಬಹುದು. ಮೆಚ್ಚಿಕೆಗಿಂತ ತಕರಾರಿಗೆ ಅನುಕೂಲವಾಗುವಂತೆ ಪ್ರಬಂಧವನ್ನು ರಚಿಸುವ ಈ ಪದ್ಧತಿಯನ್ನು ನಾನು ಬೇರೆಲ್ಲಿಯೂ ಕಂಡವನಲ್ಲ. ಓದುವುದಕ್ಕೆ ಅದು ರುಚಿಯಾದ ಗದ್ಯವಲ್ಲವೆಂಬುದನ್ನು ಒಪ್ಪಲೇಬೇಕು. ನಮ್ಮ ಪೀಳಿಗೆಯ ವಿದ್ಯಾರ್ಥಿಗಳು ಅದನ್ನು ನೋಡಿ ನಿಟ್ಟುಸಿರಿಡುತ್ತಿದ್ದೆವು. ಆದರೆ ಕೆಲಸ ಮಾಡುವವರು ಕೂಡಿದಾಗ ನಡೆಯಬೇಕಾದುದು ಪರಸ್ಪರ ಶ್ಲಾಘನೆಯಲ್ಲ, ದೋಷಾನ್ವೇಷಣೆ ಎಂಬ ಒಂದು ನಿಲುವು ಅದರಲ್ಲಿ ಅಡಗಿತ್ತು. ಆ ನಿಲುವಿನ ಅಳತೆಗೋಲನ್ನು ಹಿಡಿದೇ ಮುಂದಿನ ಮಾತುಗಳನ್ನು ಆಡುತ್ತಿದ್ದೇನೆ.

ಗಣಕಯಂತ್ರವು ಗ್ರಂಥಾಲಯವನ್ನು ಹೊಕ್ಕ ಮೇಲೆ ಬೆಂಗಳೂರಿಗೆ ಈ ಕ್ಷೇತ್ರದಲ್ಲಿ ಒದಗಿದ ಪ್ರಾಮುಖ್ಯ ಸಾಮಾನ್ಯವಾದುದಲ್ಲ. ಯುನೆಸ್ಕೋದ ಸಿಡಿಎಸ್/ಐಸಿಸ್ ಎಂಬ ತಂತ್ರಾಂಶವನ್ನು ನಿಸ್ಸಾಟ್ ಎಂಬ ಕೇಂದ್ರ ಸರ್ಕಾರದ ಯೋಜನೆ ದೇಶದಲ್ಲೆಲ್ಲ ಹಂಚುತ್ತಿದ್ದ ಕಾಲದಲ್ಲಿ, ಅದನ್ನು ಕಲಿಯಲು ಬರುತ್ತಿದ್ದವರ ಚೀಲಗಳಲ್ಲಿ ಫ್ಲಾಪಿ ಬಿಲ್ಲೆಗಳು ಗಲಗಲಿಸುತ್ತಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದಲ್ಲಿ ಟಿ.ಬಿ. ರಾಜಶೇಖರ್ ಅವರು, 2005ರಲ್ಲಿ ಅಕಾಲದಲ್ಲಿ ತೀರಿಕೊಳ್ಳುವವರೆಗೂ, ಒಂದು ಪೀಳಿಗೆಗೆ ಅಂಕೀಯ ಗ್ರಂಥಾಲಯದ ಕೈಕೆಲಸವನ್ನು ಕಲಿಸಿದರು. ದೇಶದ ಮೊಟ್ಟಮೊದಲ ಮುಕ್ತ ಸಾಂಸ್ಥಿಕ ಭಂಡಾರಗಳಲ್ಲೊಂದು ರೂಪುಗೊಂಡದ್ದು ಅವರ ಕೈಯಲ್ಲಿ. ಹಾಂಕಾಂಗಿನಲ್ಲಿ 1998ರಲ್ಲಿ ಆರಂಭವಾಗಿದ್ದ ಏಷ್ಯದ ಅಂಕೀಯ ಗ್ರಂಥಾಲಯಗಳ ಅಂತಾರಾಷ್ಟ್ರೀಯ ಸಮ್ಮೇಳನ ತನ್ನ ನಾಲ್ಕನೆಯ ಅಧಿವೇಶನಕ್ಕೆ 2001ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 'ವಿದ್ಯಾನಿಧಿ' ಎಂಬ ಪ್ರೌಢಪ್ರಬಂಧಗಳ ಅಂಕೀಯ ಭಂಡಾರವನ್ನು ಕಟ್ಟಿದ ಶಾಲಿನಿ ಅರಸ್ ಅವರು ಅದರ ಸಂಪಾದಕರಲ್ಲೊಬ್ಬರು. ಅದೇ ಸಮ್ಮೇಳನ 2013ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಇದೇ ನಗರಕ್ಕೆ ಬಂದಿತು. ನಡುವೆ 2005ರ ಮಾರ್ಚಿನಲ್ಲಿ ಡಿಆರ್‌ಟಿಸಿಯಲ್ಲಿ ಡಿಸ್ಪೇಸ್ ಎಂಬ ಭಂಡಾರ ತಂತ್ರಾಂಶವನ್ನು ಕುರಿತ ಅಂತಾರಾಷ್ಟ್ರೀಯ ಕಾರ್ಯಾಗಾರ, 2007ರ ಫೆಬ್ರವರಿಯಲ್ಲಿ ಅರ್ಥಜಾಲವನ್ನೂ ಅಂಕೀಯ ಗ್ರಂಥಾಲಯವನ್ನೂ ಕುರಿತ ಸಮ್ಮೇಳನ. 2012ರ ಆಗಸ್ಟಿನಲ್ಲಿ ಮೈಸೂರಿನಲ್ಲಿ ಜ್ಞಾನವ್ಯವಸ್ಥೆಯ ಅಂತಾರಾಷ್ಟ್ರೀಯ ಸಂಘದ ಹನ್ನೆರಡನೆಯ ಸಮ್ಮೇಳನ ನಡೆದಾಗ, ರಂಗನಾಥನ್ನರ ಶಿಷ್ಯರಾದ ನೀಲಮೇಘನ್ ಅವರೇ ಅದರ ನಡವಳಿಯ ಸಂಪಾದಕರಲ್ಲೊಬ್ಬರಾಗಿದ್ದರು.

ಹೊರಗಿನಿಂದ ನೋಡಿದವರು ಅಸೂಯೆಪಡಬಹುದಾದ ಪಟ್ಟಿ ಇದು. ಲೋಕದ ಈ ಕ್ಷೇತ್ರದ ಪಂಡಿತರು ನಮ್ಮ ಮನೆಯ ಬಾಗಿಲಿಗೇ ಬಂದು ಹೋದರು. ಆ ದಿನಗಳಲ್ಲಿ ಜಯನಗರದ ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ಸಂಖ್ಯೆ ಹಾಕುತ್ತಿದ್ದವರಲ್ಲಿ ಎಷ್ಟು ಜನ ಆ ಬಾಗಿಲನ್ನು ದಾಟಿದರೆಂದು ಕೇಳಿದರೆ, ನನ್ನ ಪರಿಚಯದ ವರ್ತುಲದಲ್ಲಿ ಒಂದು ಕೈಯ ಬೆರಳುಗಳು ಸಾಕು.

ದೇಶದೊಳಗಿನ ನಿಯತಕಾಲಿಕ ಸಮ್ಮೇಳನಗಳ ವಿಚಾರವನ್ನು ಸಂಕ್ಷೇಪವಾಗಿಯೇ ಹೇಳಬಹುದು. 1933ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದ ಭಾರತೀಯ ಗ್ರಂಥಾಲಯ ಸಂಘವೂ, 1955ರಲ್ಲಿ ಅಲ್ಲಿಯೇ ಹುಟ್ಟಿದ ವಿಶೇಷ ಗ್ರಂಥಾಲಯಗಳ ಸಂಘವಾದ ಐಯಾಸ್ಲಿಕ್ಕೂ ತಮ್ಮ ಸಮ್ಮೇಳನಗಳನ್ನು ಊರೂರಿಗೆ ಒಯ್ಯುತ್ತಾ ಬಂದಿವೆ. ದೆಹಲಿಯ ಗ್ರಂಥಾಲಯ ಜಾಲವಾದ ಡೆಲ್‌ನೆಟ್ಟಿನವರ ಸಮ್ಮೇಳನ ನ್ಯಾಕ್ಲಿನ್. ಯಂತ್ರಪಾಲಕರಿಗೆ ಇವೆಲ್ಲಕ್ಕಿಂತ ಸಮೀಪವಾದದ್ದು ಇನ್‌ಫ್ಲಿಬ್‌ನೆಟ್ ಸಂಸ್ಥೆಯವರು 1994ರಿಂದ ನಡೆಸುತ್ತಿರುವ ಕ್ಯಾಲಿಬರ್. ಗ್ರಂಥಾಲಯಗಳ ಗಣಕೀಕರಣಕ್ಕೆಂದೇ ಹುಟ್ಟಿದ ಈ ಸಮ್ಮೇಳನ 2006ರ ಫೆಬ್ರವರಿ ಮೊದಲ ವಾರದಲ್ಲಿ ಗುಲ್ಬರ್ಗದಲ್ಲಿ ನೆರೆಯಿತು. ಕನ್ನಡ ನಾಡಿನಲ್ಲಿ ನೆರೆದಿದ್ದರಿಂದ ನನಗೂ ಹೋಗುವ ಧೈರ್ಯ ಬಂದು, ರಾತ್ರಿಯ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆ. ವಿಮಾನದಲ್ಲಿ ಹಾರಿಬಂದವರ ಜೊತೆಗೆ ಜಿಲ್ಲಾ ಕೇಂದ್ರಗಳ ಕಾಲೇಜುಗಳಿಂದ ಬಸ್ಸು ಹಿಡಿದು ಬಂದವರೂ ಸೇರಿ, ಊಟದ ಚಪ್ಪರದಲ್ಲಿ ಕಡಕ್ ರೊಟ್ಟಿ ಮುರಿಯುವ ಸದ್ದಿನ ನಡುವೆ ದೇಶದ ಗ್ರಂಥಾಲಯಗಳ ಸ್ಥಿತಿಗತಿಯೆಲ್ಲ ಚರ್ಚೆಯಾದದ್ದನ್ನು ನಾನು ಮರೆಯಲಾರೆ. ಸಮ್ಮೇಳನವು ಊರಿನ ಸಮೀಪಕ್ಕೆ ಬಂದಾಗ ಬರುವವರ ಜಾತಿಯೇ ಬದಲಾಗುತ್ತದೆಂಬುದನ್ನು ಮೊದಲು ಕಂಡದ್ದು ಅಲ್ಲಿ.

ಇನ್ನು ಹೊರದೇಶಗಳದು. 1992ರಲ್ಲಿ ಗ್ರಂಥಾಲಯ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟದ ಮಹಾಸಮ್ಮೇಳನ ಹೊಸದಿಲ್ಲಿಗೆ ಬಂದದ್ದನ್ನು ಬಿಟ್ಟರೆ ಅದು ನಮ್ಮವರ ಪಾಲಿಗೆ ವೀಸಾ, ವಿಮಾನ, ವಿದೇಶೀ ವಿನಿಮಯಗಳ ಆಚೆಗಿನ ಮಾತು. ಅಮೆರಿಕದಲ್ಲಿ 2006ರಿಂದ ನಡೆಯುತ್ತಿರುವ ಕೋಡ್‌ಫೋರ್‌ಲಿಬ್ ಎಂಬ ಸಭೆ ನಿಜವಾಗಿ ಯಂತ್ರಪಾಲಕರದೇ. ಅಲ್ಲಿ ಐದು ನಿಮಿಷದ ಮಿಂಚಿನ ಭಾಷಣಗಳಲ್ಲಿ ತಾವು ಕೆಡಿಸಿದ ಸರ್ವರಿನ ಕಥೆಯನ್ನು ಹೇಳುವುದಕ್ಕೂ ಜನ ನಾಚುವುದಿಲ್ಲವಂತೆ. ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ಸಮೂಹಕ್ಕಾಗಿ ರಚಿತವಾಗಿ, ಮಾವೋರಿ ಭಾಷೆಯಲ್ಲಿ 'ಕಾಣಿಕೆ' ಎಂಬ ಅರ್ಥದ ಹೆಸರನ್ನು ಹೊತ್ತು, 2000ದಲ್ಲಿ ಲೋಕಕ್ಕೆ ಉಚಿತವಾಗಿ ಒದಗಿದ ಕೋಹಾ ತಂತ್ರಾಂಶದ ಬಳಕೆದಾರರ ಸಮ್ಮೇಳನ 2011ರಲ್ಲಿ ಮುಂಬಯಿಯ ಪಕ್ಕದ ಠಾಣೆಗೆ ಬಂದಿತ್ತು. ಬೆಂಗಳೂರಿನಿಂದ ಒಂದು ರಾತ್ರಿಯ ಪ್ರಯಾಣದ ದೂರ. ಬನಶಂಕರಿಯ ನನ್ನ ಸ್ನೇಹಿತರೊಬ್ಬರು ಹೋಗಬಯಸಿ ಅರ್ಜಿ ಕೊಟ್ಟರು. ಅರ್ಜಿಗೆ ಬಂದ ಉತ್ತರವನ್ನು ಅವರು ಕಟ್ಟು ಹಾಕಿಸಿದ್ದರೆ ಚೆನ್ನಾಗಿತ್ತು: ತಂತ್ರಾಂಶ ಉಚಿತವೆಂದು ನೀವೇ ಹೇಳಿದ್ದಿರಿ, ಹಾಗಿದ್ದ ಮೇಲೆ ಅದಕ್ಕಾಗಿ ಖರ್ಚೇಕೆ?

ಇಲ್ಲಿ ನನ್ನ ಅನುಭವದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನಮ್ಮ ಕಾಲೇಜಿನ ಕನ್ನಡ ವಿಭಾಗದ ಪುಸ್ತಕಗಳನ್ನೆಲ್ಲ ಕೋಹಾಕ್ಕೆ ಏರಿಸಿ ಮುಗಿಸಿದ್ದ ವರ್ಷ. ಆರು ತಿಂಗಳು ಇಬ್ಬರು ಹುಡುಗಿಯರು ಕುಳಿತು ಯೂನಿಕೋಡಿನಲ್ಲಿ ಟೈಪು ಮಾಡಿದ್ದರು. ಪರದೆಯ ಮೇಲೆ ಎಲ್ಲವೂ ಸ್ಫುಟವಾಗಿ ಕಾಣುತ್ತಿತ್ತು. ಆದರೆ ಹುಡುಕುವ ಕಿಂಡಿಯಲ್ಲಿ 'ಕಾರಂತ' ಎಂದು ಕೊಟ್ಟರೆ ಶಿವರಾಮ ಕಾರಂತರ ಒಂದೇ ಒಂದು ಪುಸ್ತಕವೂ ಇಲ್ಲವೆಂಬ ಉತ್ತರ. ಕಪಾಟಿನಲ್ಲಿ ಅವರ ಪುಸ್ತಕಗಳು ಎರಡು ಅರೆಗಳ ತುಂಬ ಇದ್ದವು. ತಿಂಗಳುಗಟ್ಟಲೆ ನಾವು ಫಾಂಟನ್ನು ಶಂಕಿಸಿದೆವು, ಕೀಲಿಮಣೆಯನ್ನು ಶಂಕಿಸಿದೆವು, ಕಟ್ಟಕಡೆಗೆ ಟೈಪು ಮಾಡಿದ ಹುಡುಗಿಯರನ್ನೂ ಶಂಕಿಸಿದೆವು. ಆ ಅಪರಾಧವನ್ನು ನೆನೆದರೆ ನನಗೆ ಈಗಲೂ ಸಂಕೋಚವಾಗುತ್ತದೆ. ಅಷ್ಟರಲ್ಲಿ ಸಮೀಪದ ಕಾಲೇಜೊಂದರಲ್ಲಿ ಒಂದು ದಿನದ ರಾಜ್ಯಮಟ್ಟದ ಸಂಕಿರಣ. ಬೆಳಗಿನ ಗೋಷ್ಠಿಯಲ್ಲಿ ಗ್ರಂಥಾಲಯದ ಭವಿಷ್ಯವನ್ನು ಕುರಿತು ಮೂವರು ಮಾತನಾಡಿದರು. ಮೂವರ ಭವಿಷ್ಯವೂ ಒಂದೇ ಆಗಿತ್ತು. ಮಧ್ಯಾಹ್ನ ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ, ಹುಬ್ಬಳ್ಳಿಯ ಕಡೆಯಿಂದ ಬಂದಿದ್ದ, ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದ ಒಬ್ಬ ಸಹಾಯಕಿಯೊಡನೆ ಮಾತಿಗೆ ಮಾತು ಬಂದು ಈ ತೊಂದರೆಯನ್ನು ಹೇಳಿಕೊಂಡೆ. ಆಕೆ ತಟ್ಟೆಯಿಂದ ತಲೆಯೆತ್ತದೆ, "ಸರ್, ಜೀಬ್ರಾಕ್ಕ ಐಸಿಯು ಹಾಕೀರೇನ್ರಿ?" ಎಂದಳು.

ಹಾಕಿರಲಿಲ್ಲ. ಹಾಗೆಂದರೇನೆಂಬುದೂ ತಿಳಿದಿರಲಿಲ್ಲ. ಕೋಹಾದ ಒಳಗೆ ಪುಸ್ತಕಗಳ ಸೂಚಿಯನ್ನು ಕಟ್ಟುವ ಜೀಬ್ರಾ ಎಂಬ ಭಾಗವೊಂದಿದೆ. ಅದು ಮೂಲತಃ ಬಲ್ಲದ್ದು ರೋಮನ್ ಅಕ್ಷರಗಳನ್ನು. ಕನ್ನಡದಂಥ ಲಿಪಿಯ ಪದಗಳನ್ನು ಅದು ಸರಿಯಾಗಿ ಒಡೆದು ಸೂಚಿಸಬೇಕಾದರೆ ಐಸಿಯು ಎಂಬ ಬೇರೊಂದು ಕ್ರಮಕ್ಕೆ ಅದನ್ನು ತಿರುಗಿಸಿ, ಸೂಚಿಯನ್ನು ಮೊದಲಿನಿಂದ ಮತ್ತೆ ಕಟ್ಟಿಸಬೇಕು. ಯಂತ್ರಪಾಲಕರ ಮಾತಿನಲ್ಲಿ 'ರೀಬಿಲ್ಡ್' ಮಾಡಬೇಕು. ಆಕೆ ಹೇಳಿದ್ದನ್ನು ಆಹ್ವಾನಪತ್ರದ ಅಂಚಿನಲ್ಲಿ ಬರೆದುಕೊಂಡು, ಸಮಾರೋಪಕ್ಕೆ ನಿಲ್ಲದೆ ಹಿಂದಿರುಗಿ, ಅಂದು ಸಂಜೆಯೇ ಹಾಗೆ ಮಾಡಿಸಿದೆವು. 'ಕಾರಂತ' ಎಂದು ಕೊಟ್ಟೊಡನೆ ಎರಡು ಅರೆಯ ಪುಸ್ತಕಗಳೂ ಪರದೆಯ ಮೇಲೆ ಸಾಲುಗಟ್ಟಿ ನಿಂತವು. ಆರು ತಿಂಗಳ ದುಡಿಮೆಗೆ ಜೀವ ಬಂದದ್ದು ಒಂದು ತಟ್ಟೆ ಬಿಸಿಬೇಳೆಬಾತು ತಿನ್ನುವಷ್ಟು ಹೊತ್ತಿನ ಮಾತಿನಿಂದ. ಆಕೆಯ ಹೆಸರು ಕಾರ್ಯಕ್ರಮ ಪತ್ರಿಕೆಯಲ್ಲಿರಲಿಲ್ಲ. ಆಕೆ ಬಂದದ್ದಾದರೂ ತನ್ನ ಗ್ರಂಥಪಾಲಕರಿಗೆ ಜ್ವರ ಬಂದು, ನೋಂದಣಿ ಶುಲ್ಕ ವ್ಯರ್ಥವಾಗಬಾರದೆಂದು ಅವರ ಬದಲಿಗೆ ಬಂದವಳು.

ಈ ಪ್ರಸಂಗದಿಂದ ನಾನು ತೆಗೆಯುವ ನಿರ್ಣಯ, ಅವಕಾಶಗಳ ಕೊರತೆ ನಮ್ಮ ಕೊರತೆಯಲ್ಲವೆಂಬುದು. ಅವಕಾಶದ ಕಾಗದ ಒಬ್ಬರ ಕೈಗೂ, ಅದರ ಅವಶ್ಯಕತೆ ಇನ್ನೊಬ್ಬರ ಪಾಲಿಗೂ ಹಂಚಿಹೋಗಿದೆಯೆಂಬುದು. ಹೀಗಾದುದಕ್ಕೆ ಕಾರಣಗಳು ಗೂಢವಾದುವಲ್ಲ. ಕಾಯಂ ಅಧ್ಯಾಪಕವರ್ಗಕ್ಕೆ ಸೇರಿದ ಗ್ರಂಥಪಾಲಕರಿಗೆ ಸಂಕಿರಣಕ್ಕೆ ಹೋಗಲು ಓಓಡಿ, ಎಂದರೆ ಅನ್ಯಕಾರ್ಯ ನಿಮಿತ್ತದ ಅನುಮತಿ, ಸಿಗುತ್ತದೆ. ಗುತ್ತಿಗೆಯ ಸಹಾಯಕರಿಗೆ ಅದೇ ದಿನ ಸಂಬಳದ ಕಡಿತ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2010ರ ನಿಯಮಾವಳಿ ಬಂದ ಮೇಲೆ ಬಡ್ತಿಗೆ ಅಂಕ, ಅಂಕಕ್ಕೆ ಪ್ರಬಂಧ, ಪ್ರಬಂಧಕ್ಕೆ ಪ್ರಮಾಣಪತ್ರವೆಂಬ ಸರಪಳಿ ಬಿಗಿಯಾಯಿತು. ಬಡ್ತಿಯೇ ಇಲ್ಲದ ಹುದ್ದೆಯವರನ್ನು ಕಳುಹಿಸಿದರೆ ಅಂಕ ಯಾರಿಗೆ? ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನಾಗರಭಾವಿಯ ನ್ಯಾಕ್ ಸಂಸ್ಥೆಯ ತಂಡ ಬಂದಾಗ ಗ್ರಂಥಾಲಯ ಗಣಕೀಕೃತವೋ ಅಲ್ಲವೋ ಎಂದು ವಿಚಾರಿಸುತ್ತದೆ. ಗಣಕೀಕರಿಸಿದವಳು ಎಲ್ಲಿ ಕಲಿತಳು ಎಂದು ವಿಚಾರಿಸಿದ್ದನ್ನು ನಾನು ಕೇಳಿಲ್ಲ. ಇವುಗಳ ಜೊತೆಗೆ, ನಾ ಕಂಡ ಮಟ್ಟಿಗೆ ಈ ಭಾಗದ ಯಂತ್ರಪಾಲಕರಲ್ಲಿ ಹೆಂಗಸರೇ ಹೆಚ್ಚು. ಎರಡು ರಾತ್ರಿ ಪರಸ್ಥಳದಲ್ಲಿ ತಂಗುವುದೆಂದರೆ ಕಾಲೇಜಿನ ಅನುಮತಿಯ ಮೇಲೆ ಮನೆಯ ಅನುಮತಿ, ಮಗುವಿನ ಪರೀಕ್ಷೆ, ಅತ್ತೆಯ ಮೊಣಕಾಲು ನೋವು.

ಹಣವಿಲ್ಲವೆಂಬ ಮಾತು ಅರ್ಧ ಸತ್ಯ. ಸಂಕಿರಣ ನಡೆಸುವವರಿಗೆ ನೆರವಾಗಲು ಕಲಕತ್ತೆಯ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವಿದೆ, ಸಮಾಜವಿಜ್ಞಾನ ಸಂಶೋಧನ ಪರಿಷತ್ತಿದೆ, ನ್ಯಾಕ್ ಇದೆ. ಇವೆಲ್ಲ ಸಂಕಿರಣವನ್ನು ನಡೆಸಲು ಕೊಡುವ ಹಣ. ಸಂಕಿರಣಕ್ಕೆ ಹೋಗತಕ್ಕವರ ಬಸ್ಸಿನ ಖರ್ಚನ್ನು ಕೊಡುವವರು ಅಪರೂಪ. ಆದ್ದರಿಂದಲೇ ಚಪ್ಪರಗಳು ಹೆಚ್ಚಾಗಿ, ಚಪ್ಪರದೊಳಗೆ ಮತ್ತೆ ಮತ್ತೆ ಅವವೇ ಮುಖಗಳು ಕಾಣುತ್ತವೆ. ಕಡೆಗೆ ಹೊರಬರುವ ನಡವಳಿ ಸಂಪುಟಕ್ಕೆ ಐಎಸ್‌ಬಿಎನ್ ಸಂಖ್ಯೆ ಇರಲೇಬೇಕು, ಇಲ್ಲದಿದ್ದರೆ ಅಂಕವಿಲ್ಲ. ನಮ್ಮ ಗ್ರಂಥಾಲಯದಲ್ಲಿ ಇಂಥ ಸಂಪುಟಗಳಿಗೆ ಒಂದು ಅರೆಯೇ ಮೀಸಲಾಗಿತ್ತು. ನಿವೃತ್ತಿಯ ಮುನ್ನಾದಿನ ಕುತೂಹಲಕ್ಕೆ ಅವುಗಳನ್ನು ಒಂದೊಂದಾಗಿ ತೆರೆದು, ಹಿಂದಿನ ರಟ್ಟಿಗೆ ಅಂಟಿಸಿದ ಗಡುವಿನ ಚೀಟಿಗಳನ್ನು ನೋಡಿದೆ. ಎರಡೋ ಮೂರೋ ಬಿಟ್ಟರೆ ಉಳಿದೆಲ್ಲವೂ ಅಂಟಿಸಿದ ದಿನದಷ್ಟೇ ಶುಭ್ರವಾಗಿದ್ದವು. ಗ್ರಂಥಪಾಲಕರು ಬರೆದ ಗ್ರಂಥಗಳನ್ನು ಗ್ರಂಥಪಾಲಕರೇ ಎರವಲು ಪಡೆದಿರಲಿಲ್ಲ.

2020ರ ಬೇಸಿಗೆಯಲ್ಲಿ ಎಲ್ಲರೂ ಮನೆಯೊಳಗಾದಾಗ ಈ ಅಸಮತೆ ನೀಗೀತೆಂದು ತೋರಿತ್ತು. ಪ್ರಯಾಣವಿಲ್ಲ, ಶುಲ್ಕವಿಲ್ಲ, ಓಓಡಿಯ ಮಾತೇ ಇಲ್ಲ. ಬಿಟಿಎಂ ಬಡಾವಣೆಯ ಒಂದು ಕೋಣೆಯ ಮನೆಯಿಂದಲೂ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ಟಿನ ಉಪನ್ಯಾಸವನ್ನು ಕೇಳಬಹುದು. ಕೇಳಿದವರು ಅನೇಕರು ನಿಜವಾಗಿಯೂ ಕಲಿತರು, ಅದನ್ನು ಅಲ್ಲಗಳೆಯಲಾಗದು. ಆದರೆ ಕೆಲವೇ ವಾರಗಳಲ್ಲಿ ವೆಬಿನಾರುಗಳು ಮಳೆಗಾಲದ ಅಣಬೆಗಳಂತೆ ಎದ್ದು, ಹತ್ತು ಪ್ರಶ್ನೆಗಳ ಗೂಗಲ್ ಫಾರಂ ತುಂಬಿದವರಿಗೆಲ್ಲ ಇ-ಪ್ರಮಾಣಪತ್ರ ಹಂಚುವ ಸ್ಥಿತಿಗೆ ಇಳಿದವು. ಒಂದೇ ದಿನ ನಾಲ್ಕು ಪ್ರಮಾಣಪತ್ರ ಸಂಪಾದಿಸಿದವರನ್ನು ನಾನು ಬಲ್ಲೆ. ಆ ಸಭೆಗಳಲ್ಲಿ ಎಲ್ಲರ ಧ್ವನಿಯನ್ನೂ ಅಡಗಿಸಿರುತ್ತಿದ್ದರು, ಗದ್ದಲವಾಗಬಾರದೆಂದು. ಜೀಬ್ರಾದ ಗುಟ್ಟನ್ನು ಬಲ್ಲವಳು ಎಲ್ಲೋ ಆ ಮುನ್ನೂರು ಚೌಕಗಳಲ್ಲೊಂದರಲ್ಲಿ ಇದ್ದರೂ, ಊಟದ ಸಾಲೇ ಇಲ್ಲದ ಕಡೆ ಆಕೆ ನನ್ನ ಹಿಂದೆ ನಿಲ್ಲುವುದು ಹೇಗೆ?

ಇನ್ನೊಂದು ಬಾಗಿಲನ್ನು ನಾವು ತಟ್ಟಿಯೇ ಇಲ್ಲವೆಂಬುದು ನನ್ನ ಅಭಿಪ್ರಾಯ, ಮತ್ತು ಅದು ಜಯನಗರದಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರದಲ್ಲಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಭಾಭವನವು ಹಲವು ವರ್ಷಗಳಿಂದ ಮುಕ್ತ ತಂತ್ರಾಂಶದವರ ಯಾತ್ರಾಸ್ಥಳ. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಹುಟ್ಟಿ, 2005ರಲ್ಲಿ ಹೆಸರು ಬದಲಿಸಿಕೊಂಡ ಫಾಸ್ ಡಾಟ್ ಇನ್ ಸಮ್ಮೇಳನ ತನ್ನ ಕಡೆಯ ವರ್ಷಗಳಲ್ಲಿ ಅಲ್ಲಿಯೇ ನಡೆಯಿತು. ಈಗ ಫಾಸ್ ಯುನೈಟೆಡ್ ಎಂಬ ಸಂಸ್ಥೆಯವರ ಇಂಡಿಯಾಫಾಸ್ ಸಮ್ಮೇಳನವೂ, 2024ರ ಸೆಪ್ಟೆಂಬರಿನದೂ ಸೇರಿ, ಅಲ್ಲಿಯೇ ನೆರೆಯುತ್ತಿದೆ. ಕೋಹಾ, ಡಿಸ್ಪೇಸ್‌ಗಳು ಮುಕ್ತ ತಂತ್ರಾಂಶಗಳೇ. ಅವು ನಿಂತಿರುವ ಲಿನಕ್ಸ್ ನೆಲವೂ ಅದೇ. ಹೀಗಿದ್ದೂ ಗ್ರಂಥಾಲಯದವರು ಆ ಕಡೆ ಸುಳಿಯುವುದಿಲ್ಲ. ಅದು 'ಸಾಫ್ಟ್‌ವೇರ್‌ನವರ' ಸಭೆ ಎಂಬ ಭಾವನೆ ನಮ್ಮದು. ಗ್ರಂಥಾಲಯವೆಂದರೆ ಮೌನದ ಕೋಣೆ ಎಂಬ ಭಾವನೆ ಅವರದು. ಒಮ್ಮೆ ನಾನು ಅಲ್ಲಿಗೆ ಹೋಗಿ, ಗಡ್ಡ ಬಿಟ್ಟ ತರುಣನೊಬ್ಬನಿಗೆ ಕನ್ನಡದ ಕಾಣದ ಅಕ್ಷರದ ತೊಡಕನ್ನು ವಿವರಿಸಿದೆ. 'ಸೂರ್ಯ' ಎಂಬ ಪದವನ್ನು ಅರ್ಕಾವೊತ್ತು ಹಾಕಿಯೂ ಬರೆಯಬಹುದು, ರಕಾರವನ್ನು ಪೂರ್ತಿಯಾಗಿ ಬರೆದು ಕೆಳಗೆ ಯಕಾರದ ಒತ್ತು ಕೊಟ್ಟೂ ಬರೆಯಬಹುದು. ಎರಡನೆಯದರಲ್ಲಿ ಕಣ್ಣಿಗೆ ಬೀಳದ ಒಂದು ಕೂಡಿಕೆಯ ಸಂಕೇತ ನಡುವೆ ಅವಿತಿರುತ್ತದೆ. ಓದುಗನಿಗೆ ಎರಡೂ ಒಂದೇ ಪದ, ಯಂತ್ರಕ್ಕೆ ಎರಡು ಬೇರೆ ಪದಗಳು. ಆತ ಅರ್ಧ ಗಂಟೆ ಅಲ್ಲಾಡದೆ ಕೇಳಿ, ಮೂರು ಸಾಲಿನ ಒಂದು ಪರಿಹಾರವನ್ನು ನಿಂತಲ್ಲೇ ಬರೆದುಕೊಟ್ಟ. ಯಾವ ಗ್ರಂಥಾಲಯ ಸಂಕಿರಣದಲ್ಲೂ ಆ ಪ್ರಶ್ನೆಗೆ ಅಷ್ಟು ಕಿವಿ ಸಿಕ್ಕಿರಲಿಲ್ಲ.

ಕನ್ನಡದ ವಿಚಾರ ಬಂದದ್ದರಿಂದ ಹೇಳುತ್ತೇನೆ: ನಮ್ಮ ಸಮ್ಮೇಳನಗಳಲ್ಲಿ ಅತ್ಯಂತ ಉಪೇಕ್ಷಿತವಾದ ವಿಷಯ ಇದೇ. ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ಟೈಪಾದ ಸಾವಿರಾರು ದಾಖಲೆಗಳು ಇಂದು ತೆರೆದರೆ ರೋಮನ್ ಅಕ್ಷರಗಳ ಮೇಲೆ ಸೊಟ್ಟ ಗೆರೆಗಳಾಗಿ ಕಾಣುತ್ತವೆ. ಒಂದು ಗ್ರಂಥಾಲಯದಲ್ಲಿ 'ಕುವೆಂಪು', ಪಕ್ಕದ ಬೀದಿಯದರಲ್ಲಿ 'ಪುಟ್ಟಪ್ಪ, ಕೆ.ವಿ.', ಒಂದರಲ್ಲಿ 'ಬೇಂದ್ರೆ, ದ.ರಾ.', ಮತ್ತೊಂದರಲ್ಲಿ 'ಅಂಬಿಕಾತನಯದತ್ತ'. ಯಾವ ಹೆಸರನ್ನು ಪ್ರಮಾಣವೆಂದು ಹಿಡಿದು ಉಳಿದವನ್ನು ಅದಕ್ಕೆ ತಳಕುಹಾಕಬೇಕೆಂಬುದನ್ನು ಹತ್ತು ಜನ ಒಂದು ಮಧ್ಯಾಹ್ನ ಕುಳಿತು ತೀರ್ಮಾನಿಸಿದರೆ ನಗರದ ಎಲ್ಲ ಕಾಲೇಜುಗಳಿಗೂ ಉಪಕಾರವಾದೀತು. ಪ್ರಾಸ್ತಾವಿಕ, ಸ್ವಾಗತ, ಉದ್ಘಾಟನೆ, ಹಾರ, ಸ್ಮರಣಿಕೆಗಳಿಗೆ ತಪ್ಪದೆ ಸಿಗುವ ಒಂದು ಪೂರ್ವಾಹ್ನ ಇದಕ್ಕೆ ಸಿಕ್ಕಿಲ್ಲ.

ಸಾರ್ವಜನಿಕ ಗ್ರಂಥಾಲಯಗಳವರ ಸ್ಥಿತಿ ಕಾಲೇಜಿನವರದಕ್ಕಿಂತ ಬಿಗಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವಾಗಿ ಸಂದಾಯವಾಗಬೇಕು; ಬಡಾವಣೆಯ ಮನೆಯವರೆಲ್ಲ, ಗ್ರಂಥಾಲಯದ ಹೊಸ್ತಿಲು ತುಳಿಯದವರೂ, ಅದನ್ನು ಕಟ್ಟುತ್ತಿದ್ದೇವೆ. 2020ರಲ್ಲಿ ರಾಜ್ಯದ ಅಂಕೀಯ ಸಾರ್ವಜನಿಕ ಗ್ರಂಥಾಲಯ ಪ್ರಾರಂಭವಾಯಿತು. ಗ್ರಾಮ ಪಂಚಾಯತಿಗಳ ವಾಚನಾಲಯಗಳು 'ಅರಿವು ಕೇಂದ್ರ'ಗಳಾಗಿ, ಅಲ್ಲಿಗೆ ಗಣಕಯಂತ್ರಗಳು ಬಂದವು. ಯಂತ್ರಗಳನ್ನು ಒಪ್ಪಿಸಿಕೊಟ್ಟಾಗ ಒಂದು ದಿನದ ತರಬೇತಿ ನಡೆಯುತ್ತದೆ, ಅದೂ ಒಪ್ಪಿಸಿದವರ ಮಾತು, ಒಪ್ಪಿಸಿಕೊಂಡವರ ಮೌನ. ಅದನ್ನು ಸಮ್ಮೇಳನವೆನ್ನಲಾಗದು.

ನಿವೃತ್ತನಾದ ಮೇಲೆ ನಾನು ಮಾಡಿದ್ದು ಸಣ್ಣದು. ಜಯನಗರದ ಒಂದು ಕಾಲೇಜಿನವರು ತಮ್ಮ ವಾಚನಾಲಯದ ಉದ್ದ ಮೇಜನ್ನು ಎರಡನೆಯ ಶನಿವಾರ ಮಧ್ಯಾಹ್ನ ನಮಗೆ ಬಿಟ್ಟುಕೊಡುತ್ತಾರೆ. ಐದಾರು ಜನ, ಕೆಲವೊಮ್ಮೆ ಹತ್ತು, ಜೆ.ಪಿ. ನಗರ, ಕುಮಾರಸ್ವಾಮಿ ಬಡಾವಣೆ, ಬಿಟಿಎಂಗಳಿಂದ ಬರುತ್ತಾರೆ. ಬರುವವರು ಒಂದೊಂದು ಕೆಟ್ಟುಹೋದ ಸಂಗತಿಯನ್ನು ತರಬೇಕೆಂಬುದೊಂದೇ ನಿಯಮ. ಹೋದ ತಿಂಗಳು ಒಬ್ಬಾಕೆ ತಂದದ್ದು ಪುಸ್ತಕದ ಕಳವನ್ನು ಕೂಗಿ ತಿಳಿಸುವ ಆರ್‌ಎಫ್‌ಐಡಿ ಗೇಟು, ಎಂದರೆ ಅದರ ಕಥೆ: ಯಾರೂ ದಾಟದಿದ್ದರೂ ಕೂಗುತ್ತಿತ್ತಂತೆ, ಪಕ್ಕದ ಗೋಡೆಯೊಳಗಿನ ತಂತಿಯನ್ನು ಬೇರೆಡೆಗೆ ಸರಿಸಿದ ಮೇಲೆ ಸುಮ್ಮನಾಯಿತೆಂದು ಇನ್ನೊಬ್ಬರು ತಮ್ಮ ಅನುಭವ ಹೇಳಿದರು. ಕಾಫಿ ಬಂತು. ನಾವೇ ಕಟ್ಟುತ್ತಿರುವ ಲೇಖಕರ ಪ್ರಮಾಣ ಹೆಸರುಗಳ ಪಟ್ಟಿಯಲ್ಲಿ 'ಕ'ಕಾರ ಮುಗಿಯಿತು. ಹೊರಡುವಾಗ ಬ್ಯಾಗನ್ನು ಹೆಗಲಿಗೇರಿಸಿದ ಆ ಗೇಟಿನಾಕೆ ಸ್ವಲ್ಪ ಹಿಂಜರಿದು, "ಸರ್, ಇದಕ್ಕೊಂದು ಸರ್ಟಿಫಿಕೇಟ್ ಕೊಡ್ತೀರಾ? ಪ್ರಿನ್ಸಿಪಾಲರಿಗೆ ತೋರಿಸಬೇಕು, ಮುಂದಿನ ಸಲ ಬಿಡಲ್ಲ ಅಂತಾರೆ" ಎಂದರು. ಪ್ರಮಾಣಪತ್ರಗಳನ್ನು ಇಷ್ಟು ಹೊತ್ತು ಹಂಗಿಸಿದ ನಾನು ಮತ್ತೆ ಗಣಕದ ಮುಂದೆ ಕುಳಿತು, ಆಕೆಯ ಹೆಸರನ್ನೂ ದಿನಾಂಕವನ್ನೂ ಟೈಪು ಮಾಡಿ, ಸಂಘಟಕ ಸಂಸ್ಥೆಯೆಂದು ಯಾವ ಹೆಸರನ್ನು ಬರೆಯಬೇಕೆಂದು ತೋಚದೆ, ಆ ಗೆರೆಯನ್ನು ಖಾಲಿಯಾಗಿಯೇ ಬಿಟ್ಟು, ಕೆಳಗೆ ಸಹಿ ಹಾಕಿಕೊಟ್ಟೆ.